ಸೈನ್ಯ ಸಾಗಿಸುವ ಹಡಗು: ಕಟ್ಟೋಣದಿಂದ ಗುಜರಿಯವರೆಗೆ

2020ರ ಮೇ 10ರಂದು ಐಎನ್‌ಎಸ್ ಜಲಾಶ್ವ ಮಾಲ್ಡೀವ್ಸ್‌ನಿಂದ 698 ಭಾರತೀಯರನ್ನು ಹೊತ್ತು ಕೊಚ್ಚಿ ಬಂದರಿಗೆ ಬಂತು. ಯುದ್ಧನೌಕೆಯೊಂದರಲ್ಲಿ ಏಳುನೂರು ಜನರಿಗೆ ಮಲಗುವ ಜಾಗ, ಊಟ, ಶೌಚಾಲಯ ಎಲ್ಲಿಂದ ಬಂತು? ಉತ್ತರ ಸರಳ. ಆ ಹಡಗನ್ನು ಕಟ್ಟಿದ್ದೇ ಜನರನ್ನು ಸಾಗಿಸಲು. 1971ರಲ್ಲಿ ಅಮೆರಿಕದ ನೌಕಾಪಡೆಗೆ ಸೇರಿದ್ದ 'ಟ್ರೆಂಟನ್' 2007ರಲ್ಲಿ ನಮ್ಮ ಜಲಾಶ್ವ ಆಯಿತು. ಹೊರದೇಶದಲ್ಲಿ ಗಲಭೆಯಾಗಿ ನಮ್ಮವರನ್ನು ಕರೆತರುವ ಮಾತು ಬಂದಾಗಲೆಲ್ಲ ಸುದ್ದಿಯಲ್ಲಿ ಈ ಬಗೆಯ ಹಡಗುಗಳ ಹೆಸರು ಕೇಳಿಬರುತ್ತದೆ.

ಇವುಗಳ ಮೂಲ ಎರಡನೇ ಮಹಾಯುದ್ಧದಲ್ಲಿದೆ. ಆ ಕಾಲದ ಒಂದು ಹಡಗನ್ನು ಹಿಡಿದು, ಅದನ್ನು ಕಟ್ಟಿದ ದಿನದಿಂದ ಅದು ಗುಜರಿಗೆ ಹೋಗುವವರೆಗಿನ ಬದುಕನ್ನು ನೋಡಿದರೆ ಇಡೀ ಬಗೆ ಅರ್ಥವಾಗುತ್ತದೆ. ಆ ಹಡಗಿನ ಹೆಸರು 'ಮಿಸೌಲಾ'. ಅಮೆರಿಕದ ಮೊಂಟಾನಾ ರಾಜ್ಯದ ಒಂದು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಪ್ರದೇಶದ ಹೆಸರು ಅದು.

ಮೂರು ಬಗೆ, ಮೂರು ಕೆಲಸ

ಸೈನಿಕರನ್ನು ಹೊತ್ತ ಹಡಗುಗಳೆಲ್ಲ ಒಂದೇ ಅಲ್ಲ. ಮೊದಲನೆಯದು ಯುದ್ಧಕಾಲಕ್ಕೆಂದು ಸರ್ಕಾರ ವಶಕ್ಕೆ ತೆಗೆದುಕೊಂಡ ಪ್ರಯಾಣಿಕರ ಹಡಗು. ದಕ್ಷಿಣ ಭಾರತದ ಹಳಬರಿಗೆ ಗೊತ್ತಿದ್ದ 'ರಜೂಲಾ' ಇಂಥದ್ದು. 1926ರಲ್ಲಿ ಕಟ್ಟಿದ ಅದು ಮದ್ರಾಸ್–ಸಿಂಗಪುರ ದಾರಿಯಲ್ಲಿ ಡೆಕ್ಕಿನ ಮೇಲೆಯೇ ಸಾವಿರಾರು ಜನರನ್ನು ಕೂರಿಸಿಕೊಂಡು ಓಡಾಡುತ್ತಿತ್ತು. ಯುದ್ಧ ಬಂದಾಗ ಸೈನಿಕರನ್ನು ಹೊತ್ತಿತು, ಯುದ್ಧ ಮುಗಿದ ಮೇಲೆ ಹಳೆಯ ದಾರಿಗೇ ಮರಳಿತು. 1970ರ ದಶಕದಲ್ಲಷ್ಟೇ ಅದು ಗುಜರಿಗೆ ಹೋಯಿತು. ಇಂಥ ಹಡಗಿನಿಂದ ಸೈನ್ಯ ಇಳಿಯಬೇಕಾದರೆ ಧಕ್ಕೆ ಬೇಕು, ಏಣಿ ಬೇಕು, ಬಂದರು ನಮ್ಮ ಕೈಯಲ್ಲಿರಬೇಕು.

ಶತ್ರುವಿನ ದಡದಲ್ಲಿ ಧಕ್ಕೆ ಇರುವುದಿಲ್ಲ, ಇದ್ದರೂ ಅಲ್ಲಿ ಫಿರಂಗಿ ಕಾಯುತ್ತಿರುತ್ತದೆ. ಅದಕ್ಕಾಗಿ ಬಂದದ್ದು ಎರಡನೆಯ ಬಗೆ, ದಾಳಿ ಸಾಗಣೆ ಹಡಗು. ಇದು ದಡದಿಂದ ಕೆಲವು ಕಿಲೋಮೀಟರ್ ದೂರದಲ್ಲಿ ನಿಂತು, ತಾನೇ ಹೊತ್ತು ತಂದ ಸಣ್ಣ ದೋಣಿಗಳನ್ನು ನೀರಿಗಿಳಿಸಿ, ಅವುಗಳಲ್ಲಿ ಸೈನಿಕರನ್ನು ಮರಳಿನ ತನಕ ಕಳಿಸುತ್ತದೆ. 1943ರ ಫೆಬ್ರವರಿಯಲ್ಲಿ ಅಮೆರಿಕದ ನೌಕಾಪಡೆ ಇವುಗಳನ್ನು ಸಾಮಾನ್ಯ ಸಾಗಣೆ ಹಡಗುಗಳಿಂದ ಬೇರ್ಪಡಿಸಿ 'ಎಪಿಎ' ಎಂಬ ಗುರುತು ಕೊಟ್ಟಿತು. ಮಿಸೌಲಾ ಎಪಿಎ-211.

ಮೂರನೆಯದು ಎಲ್‌ಎಸ್‌ಟಿ. ಚಪ್ಪಟೆ ತಳದ ಈ ಹಡಗು ತಾನೇ ದಡಕ್ಕೆ ಬಂದು ಮೂತಿ ತೆರೆದು ಟ್ಯಾಂಕುಗಳನ್ನು ಇಳಿಸುತ್ತದೆ. ನಿಧಾನ, ಆದರೆ ಭಾರ ಹೊರುವುದರಲ್ಲಿ ಗಟ್ಟಿ. ಮಿಸೌಲಾದ ಕಥೆಯಲ್ಲಿ ಇದೂ ಒಮ್ಮೆ ಬರುತ್ತದೆ.

ನಾಲ್ಕು ತಿಂಗಳು ಚಿಲ್ಲರೆಯಲ್ಲಿ ಒಂದು ಹಡಗು

ಮಿಸೌಲಾವನ್ನು ಕಟ್ಟಲು ಶುರು ಮಾಡಿದ್ದು 1944ರ ಜೂನ್‌ನಲ್ಲಿ, ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿ. ಸೆಪ್ಟೆಂಬರ್‌ನಲ್ಲಿ ನೀರಿಗಿಳಿಯಿತು, ಅಕ್ಟೋಬರ್ 27ಕ್ಕೆ ನೌಕಾಪಡೆಯ ಸೇವೆಗೆ ಸೇರಿತು. ಹೆನ್ರಿ ಕೈಸರ್ ಎಂಬ ಉದ್ಯಮಿ ರಿಚ್ಮಂಡ್‌ನಲ್ಲಿ ತೆರೆದಿದ್ದ ನಾಲ್ಕು ಹಡಗುಕಟ್ಟೆಗಳಿಂದ ಯುದ್ಧಕಾಲದಲ್ಲಿ 747 ಹಡಗುಗಳು ಹೊರಬಂದವು.

ಇಷ್ಟು ಬೇಗ ಕಟ್ಟಲು ಸಾಧ್ಯವಾದದ್ದು ಎರಡು ಕಾರಣಕ್ಕೆ. ಹಡಗನ್ನು ತಳದಿಂದ ಒಂದೊಂದೇ ತಗಡು ಸೇರಿಸಿ ಏರಿಸುವ ಹಳೆಯ ಪದ್ಧತಿ ಬಿಟ್ಟು, ತಳದ ಭಾಗ, ಮೂತಿಯ ಭಾಗ, ಮೇಲಿನ ಕೋಣೆಗಳ ಸಾಲು ಎಲ್ಲವನ್ನೂ ಬೇರೆ ಬೇರೆ ಕಡೆ ತಯಾರಿಸಿ, ಕ್ರೇನ್‌ನಿಂದ ಎತ್ತಿ ತಂದು ಜೋಡಿಸಿದರು. ಜೊತೆಗೆ ತಗಡುಗಳನ್ನು ಜೋಡಿಸುವ ಮೊಳೆ, ಅಂದರೆ ರಿವೆಟ್ ಬಡಿಯುವ ಬದಲು ಬೆಸುಗೆ ಹಾಕಿದರು. ರಿವೆಟ್ ಬಡಿಯಲು ಪಳಗಿದ ಕೈ ಬೇಕು, ವರ್ಷಗಟ್ಟಲೆ ಅನುಭವ ಬೇಕು. ಬೆಸುಗೆಯನ್ನು ಹೊಸಬರಿಗೂ ಬೇಗ ಕಲಿಸಬಹುದು. ಅಲ್ಲಿ ಬೆಸುಗೆ ಹಾಕಿದವರಲ್ಲಿ ದೊಡ್ಡ ಸಂಖ್ಯೆಯ ಹೆಂಗಸರಿದ್ದರು.

ಬೆಸುಗೆಗೆ ಒಂದು ಗಂಭೀರ ದೋಷವೂ ಇತ್ತು. ಅಂಚು ಹೊಲಿದ ತುಂಡುಗಳನ್ನು ಸೇರಿಸಿ ಮಾಡಿದ ಕೌದಿ ಒಂದು ಕಡೆ ಹರಿದರೆ ಹೊಲಿಗೆಯ ಹತ್ತಿರ ಸೀಳು ನಿಲ್ಲುತ್ತದೆ. ಒಂದೇ ತುಂಡಿನ ಬಟ್ಟೆಯಾದರೆ ಕತ್ತರಿ ತಾಗಿದಲ್ಲಿಂದ ಆ ಕೊನೆಯವರೆಗೂ ಸೀಳುತ್ತದೆ. ರಿವೆಟ್ ಹಡಗು ಕೌದಿ, ಬೆಸುಗೆ ಹಡಗು ಒಂದೇ ತುಂಡಿನ ಬಟ್ಟೆ. ಆಗಿನ ಉಕ್ಕು ಚಳಿಗೆ ಗಾಜಿನಂತೆ ಪೆಡಸಾಗುತ್ತಿತ್ತು. ಸರಕಿಗಾಗಿ ಡೆಕ್ಕಿನಲ್ಲಿ ಕೊರೆದ ಹ್ಯಾಚ್ ಬಾಯಿಗಳ ಚೌಕ ಮೂಲೆಗಳಲ್ಲಿ ಒತ್ತಡ ಸೇರಿಕೊಂಡು ಬಿರುಕು ಹುಟ್ಟುತ್ತಿತ್ತು. 1943ರ ಜನವರಿಯಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ 'ಷೆನೆಕ್ಟಡಿ' ಎಂಬ ಹೊಸ ತೈಲ ಹಡಗು ಗಾಳಿಯಿಲ್ಲ, ಅಲೆಯಿಲ್ಲ, ಸುಮ್ಮನೆ ಧಕ್ಕೆಯಲ್ಲಿ ನಿಂತಿದ್ದಾಗಲೇ ನಡುವೆ ಮುರಿಯಿತು. 'ಲಿಬರ್ಟಿ' ಎಂಬ ಸರಕು ಹಡಗುಗಳಲ್ಲೂ ಇದೇ ತೊಂದರೆ ಕಂಡಿತು.

ಮುಂದಿನ 'ವಿಕ್ಟರಿ' ವಿನ್ಯಾಸದಲ್ಲಿ ಈ ಪಾಠ ಬಳಕೆಗೆ ಬಂತು. ಒಳಗಿನ ಪಕ್ಕೆಲುಬುಗಳ ನಡುವಿನ ಅಂತರವನ್ನು 30 ಅಂಗುಲದಿಂದ 36 ಅಂಗುಲಕ್ಕೆ ಹೆಚ್ಚಿಸಿದರು. ಅಂತರ ಹೆಚ್ಚಾದರೆ ಹಡಗು ದುರ್ಬಲವಾಗಬೇಕಲ್ಲವೇ ಎನಿಸಬಹುದು. ಆಗುವುದು ಬೇರೆ. ಪಕ್ಕೆಲುಬುಗಳು ಒತ್ತೊತ್ತಾಗಿದ್ದಾಗ ಹಡಗಿನ ಮೈ ಬಿಗಿದುಕೊಂಡಿರುತ್ತದೆ. ದೂರವಾದಾಗ ಅಲೆಯ ಜೊತೆ ತುಸು ಬಾಗುತ್ತದೆ. ಬಾಗುವುದು ಬಿರುಕು ಬಿಡುವುದಿಲ್ಲ.

ಮಿಸೌಲಾ ಈ ವಿಕ್ಟರಿ ವಿನ್ಯಾಸವನ್ನೇ ಸೈನ್ಯಕ್ಕಾಗಿ ಮಾರ್ಪಡಿಸಿದ 'ಹ್ಯಾಸ್ಕೆಲ್' ವರ್ಗದ ಹಡಗು. ಈ ವರ್ಗದಲ್ಲಿ ಒಟ್ಟು 117 ಹಡಗುಗಳು ಸೇವೆಗೆ ಬಂದವು. ಉದ್ದ 455 ಅಡಿ, ಅಗಲ 62 ಅಡಿ, ತುಂಬಿದಾಗ ನೀರಿನೊಳಗೆ ಮುಳುಗುವ ಆಳ 24 ಅಡಿ. ಎರಡು ಬಾಯ್ಲರ್, ಒಂದು ಟರ್ಬೈನ್, 8,500 ಅಶ್ವಶಕ್ತಿ, ಒಂದೇ ಒಂದು ಪ್ರೊಪೆಲ್ಲರ್. ವೇಗ ಸುಮಾರು 17 ನಾಟ್, ಅಂದರೆ ಗಂಟೆಗೆ 31 ಕಿಲೋಮೀಟರ್. ಪೇಟೆಯೊಳಗಿನ ಬಸ್ಸಿನ ವೇಗ. ಆದರೆ ಲಿಬರ್ಟಿ ಹಡಗು ಓಡುತ್ತಿದ್ದುದು 11 ನಾಟ್‌ನಲ್ಲಿ. ಆ ಕಾಲದಲ್ಲಿ ನೀರಿನಡಿ ಜಲಾಂತರ್ಗಾಮಿ ಓಡುತ್ತಿದ್ದುದು ಏಳೆಂಟು ನಾಟ್‌ನಲ್ಲಿ. ಹಡಗಿನ ವೇಗ ಹೆಚ್ಚಿದಷ್ಟೂ ಜಲಾಂತರ್ಗಾಮಿಗೆ ಗುರಿ ಹಿಡಿಯುವ ಅವಕಾಶ ಕಡಿಮೆಯಾಗುತ್ತದೆ.

ಒಡಲೊಳಗೆ ಒಂದೂವರೆ ಸಾವಿರ ಜನ

ಹಡಗಿನ ಸಿಬ್ಬಂದಿ ಸುಮಾರು 536. ಹೊರುವ ಸೈನಿಕರು ಸುಮಾರು 1,560. ಒಟ್ಟು ಎರಡು ಸಾವಿರಕ್ಕೂ ಮಿಕ್ಕಿ ಜನ, 139 ಮೀಟರ್ ಉದ್ದದ ಉಕ್ಕಿನ ಪೆಟ್ಟಿಗೆಯಲ್ಲಿ.

ಸಾಮಾನು ತುಂಬುವ ಹೋಲ್ಡ್‌ಗಳ ಮೇಲಿನ ಅಂತಸ್ತುಗಳಲ್ಲಿ ಕಬ್ಬಿಣದ ಕೊಳವೆಯ ಚೌಕಟ್ಟುಗಳನ್ನು ನಿಲ್ಲಿಸಿ, ಅವಕ್ಕೆ ಕ್ಯಾನ್ವಾಸ್ ಬಿಗಿದು, ನಾಲ್ಕೈದು ಅಂತಸ್ತಿನ ಹಾಸಿಗೆ ಮಾಡುತ್ತಿದ್ದರು. ರೈಲಿನ ಸ್ಲೀಪರ್ ಬೋಗಿಯಲ್ಲಿ ಮೂರು ಬರ್ತ್ ಇರುವ ಎತ್ತರದಲ್ಲಿ ಇನ್ನೆರಡು ಸೇರಿಸಿದರೆ ಹೇಗೋ ಹಾಗೆ. ಮೇಲಿನವನ ಬೆನ್ನಿಗೂ ಕೆಳಗಿನವನ ಮೂಗಿಗೂ ನಡುವೆ ಒಂದೂವರೆ–ಎರಡು ಅಡಿ. ಮಗ್ಗುಲು ಬದಲಿಸಬೇಕಾದರೆ ಕೆಲವರಂತೂ ಹೊರಗೆ ಇಳಿದು ಮತ್ತೆ ಹತ್ತಬೇಕು. ಬಂದೂಕು, ಹೆಲ್ಮೆಟ್, ಬೆನ್ನಿನ ಮೂಟೆ ಎಲ್ಲವೂ ಅದೇ ಹಾಸಿಗೆಯ ಮೇಲೆ.

ಕುಡಿಯುವ ನೀರನ್ನು ಸಮುದ್ರದ ನೀರು ಕುದಿಸಿ ಆವಿ ಹಿಡಿದು ಮಾಡಬೇಕು. ಆ ಶುದ್ಧ ನೀರಿನ ಮೇಲೆ ಮೊದಲ ಹಕ್ಕು ಬಾಯ್ಲರ್‌ಗಳದ್ದು. ಬಾಯ್ಲರ್‌ಗೆ ಉಪ್ಪು ತಾಗಿದರೆ ಕೊಳವೆಯೊಳಗೆ ಹಕ್ಕಳೆ ಕಟ್ಟಿ, ಆ ಜಾಗ ಕಾದು ಒಡೆಯುತ್ತದೆ. ಉಳಿದದ್ದು ಅಡುಗೆಗೆ, ಕುಡಿಯಲಿಕ್ಕೆ. ಸ್ನಾನಕ್ಕೆ ಬಹುಪಾಲು ಉಪ್ಪುನೀರೇ. ಉಪ್ಪುನೀರಿನಲ್ಲಿ ಮಾಮೂಲಿ ಸಾಬೂನು ನೊರೆ ಕೊಡುವುದಿಲ್ಲ, ಬೇರೆ ಬಗೆಯ ಸಾಬೂನು ಬೇಕಾಗುತ್ತಿತ್ತು. ಊಟದ ಸಾಲು ಒಂದು ಹೊತ್ತಿನದು ಮುಗಿಯುವಷ್ಟರಲ್ಲಿ ಮುಂದಿನ ಹೊತ್ತಿನದು ಶುರುವಾಗುತ್ತಿತ್ತು. ಹಲವು ಸಾಗಣೆ ಹಡಗುಗಳಲ್ಲಿ ಸೈನಿಕರಿಗೆ ದಿನಕ್ಕೆ ಎರಡೇ ಊಟ.

ರಾತ್ರಿಯಾದರೆ ಬೆಳಕು ಹೊರಗೆ ಕಾಣದಂತೆ ಎಲ್ಲ ಬಾಗಿಲು, ಕಿಂಡಿ ಬಂದ್. ಉಷ್ಣವಲಯದ ಸಮುದ್ರ, ಬಿಸಿಲಿಗೆ ಕಾದ ಉಕ್ಕು, ಒಳಗೆ ಸಾವಿರಾರು ಜನರ ಉಸಿರು. ಗಾಳಿ ತಳ್ಳುವ ಫ್ಯಾನ್‌ಗಳು ಎಷ್ಟೇ ತಿರುಗಿದರೂ ಸಾಲದು. ಇಳಿಯುವ ದಿನ ಸೈನಿಕ ಗಟ್ಟಿಯಾಗಿರಬೇಕಾದರೆ ದಾರಿಯುದ್ದಕ್ಕೂ ಅವನನ್ನು ಸರದಿಯ ಮೇಲೆ ಡೆಕ್ಕಿಗೆ ತಂದು ಕವಾಯತು ಮಾಡಿಸಲೇಬೇಕಿತ್ತು.

ಕೊನೆಗೆ ಬೇಕಾದದ್ದು ಮೊದಲು ಒಳಗೆ

ಈ ಹಡಗುಗಳ ಬಗ್ಗೆ ಒಂದೇ ಸಂಗತಿ ತಿಳಿಯಬೇಕೆಂದರೆ ತಿಳಿಯಬೇಕಾದದ್ದು ಇದು: ಇಲ್ಲಿನ ಎಲ್ಲ ಲೆಕ್ಕವೂ ದಡದಿಂದ ಹಿಂದಕ್ಕೆ ಬರುತ್ತದೆ.

ಮನೆ ಬದಲಿಸುವಾಗ ಲಾರಿಗೆ ಸಾಮಾನು ತುಂಬುವುದನ್ನು ನೆನೆಯಿರಿ. ಜಾಗ ಉಳಿಸುವುದೇ ಗುರಿಯಾದರೆ ಬೀರು ಕೆಳಗೆ, ಮಂಚ ಮೇಲೆ, ಸಂದುಗಳಲ್ಲಿ ಪಾತ್ರೆ. ಲಾರಿ ತುಂಬುತ್ತದೆ, ಚೆನ್ನಾಗಿ ತುಂಬುತ್ತದೆ. ಆದರೆ ಹೊಸ ಮನೆಗೆ ಹೋದ ಕೂಡಲೇ ಹಾಲು ಕಾಯಿಸಲು ಒಲೆ ಬೇಕು, ಒಲೆ ಬೀರುವಿನ ಹಿಂದೆ ಸಿಕ್ಕಿದೆ. ಸರಕು ಹಡಗಿನವರು ತುಂಬುವುದು ಹೀಗೆ, ಜಾಗ ವ್ಯರ್ಥವಾಗದಂತೆ. ದಾಳಿಯ ಹಡಗು ತುಂಬುವವರು ಒಲೆಯನ್ನು ಬಾಗಿಲ ಬಳಿ ಇಡುತ್ತಾರೆ, ಸುತ್ತಲ ಜಾಗ ಖಾಲಿ ಬಿದ್ದರೂ ಸರಿ.

ಪ್ರತಿ ಹಡಗಿನಲ್ಲೂ ಈ ಕೆಲಸಕ್ಕೆಂದೇ ಒಬ್ಬ ಅಧಿಕಾರಿ ಇರುತ್ತಿದ್ದ. ಅವನು ಹಡಗಿನವನಲ್ಲ, ಸೈನ್ಯದವನು. ಹೋಲ್ಡ್‌ನ ನಕ್ಷೆಯ ಮೇಲೆ, ಅದೇ ಅಳತೆಗೆ ಕತ್ತರಿಸಿದ ರಟ್ಟಿನ ತುಂಡುಗಳನ್ನು ಜೀಪು, ಟ್ರಕ್ಕು, ಫಿರಂಗಿ ಎಂದು ಸರಿಸಿ ಸರಿಸಿ ಜೋಡಿಸುತ್ತಿದ್ದ. ದಾಳಿಯ ಯಾವ ಸಾಲಿನಲ್ಲಿ ಯಾವ ತುಕಡಿ ಇಳಿಯುತ್ತದೆ, ಅದಕ್ಕೆ ಯಾವ ಹೊತ್ತಿಗೆ ಯಾವ ಗುಂಡು ಬೇಕು ಎನ್ನುವುದನ್ನು ಮೊದಲು ಬರೆದುಕೊಂಡು, ಆ ಪಟ್ಟಿಯನ್ನು ತಿರುವು ಹಾಕಿದರೆ ತುಂಬುವ ಪಟ್ಟಿ ಸಿಗುತ್ತದೆ. ಗುಂಡು, ನೀರು, ಔಷಧ, ರೇಡಿಯೊ ಹ್ಯಾಚ್ ಬಾಯಿಗೆ ನೇರವಾಗಿ ಕೆಳಗೆ. ಡೇರೆ, ಕಚೇರಿ ಸಾಮಾನು ತಳದ ಮೂಲೆಗೆ. ಪೆಟ್ರೋಲು ಮತ್ತು ಮದ್ದುಗುಂಡು ಒಂದೇ ಕಡೆ ಬೇಡ. ಯಾವುದೇ ಒಂದು ಬಗೆಯ ವಸ್ತು ಪೂರ್ತಿ ಒಂದೇ ಹಡಗಿನಲ್ಲೂ ಬೇಡ, ಆ ಹಡಗು ಮುಳುಗಿದರೆ ಇಡೀ ಡಿವಿಷನ್, ಅಂದರೆ ಇಡೀ ಸೇನಾ ವಿಭಾಗ ಕೈ ಕಟ್ಟಿ ಕೂರಬೇಕಾಗುತ್ತದೆ.

ಈ ನಿಯಮ ಕಲಿತದ್ದು ಕಷ್ಟಪಟ್ಟು. 1942ರ ಜುಲೈನಲ್ಲಿ ಪೆಸಿಫಿಕ್ ಸಾಗರದ ದ್ವೀಪವಾದ ಗ್ವಾಡಲ್‌ಕೆನಾಲ್ ದಾಳಿಗೆ ಹೊರಟ ಮರೀನ್, ಅಂದರೆ ಹಡಗಿನಿಂದ ದಡಕ್ಕಿಳಿದು ಕಾದಾಡುವ ಅಮೆರಿಕನ್ ಪಡೆಯ ಡಿವಿಷನ್ನಿನ ಸಾಮಾನು ನ್ಯೂಜಿಲೆಂಡ್‌ಗೆ ಬಂದದ್ದು ಸರಕು ಹಡಗಿನ ರೀತಿ ತುಂಬಿಕೊಂಡು. ವೆಲ್ಲಿಂಗ್ಟನ್ ಧಕ್ಕೆಯ ಮೇಲೆ ಎಲ್ಲವನ್ನೂ ಇಳಿಸಿ, ವಿಂಗಡಿಸಿ, ಮತ್ತೆ ತುಂಬಬೇಕಾಯಿತು. ಅದು ಅಲ್ಲಿ ಚಳಿಗಾಲ, ಬಿಡದ ಮಳೆ. ರಟ್ಟಿನ ಪೆಟ್ಟಿಗೆಗಳು ನೆನೆದು ಬಿಚ್ಚಿಕೊಂಡು ಆಹಾರ ಧಕ್ಕೆಯ ತುಂಬ ರಾಡಿಯಾಯಿತು. ಆಗಸ್ಟ್‌ನಲ್ಲಿ ದ್ವೀಪಕ್ಕೆ ಇಳಿದಾಗ ದೋಣಿಗಳಿಂದ ಸಾಮಾನು ಹೊತ್ತು ಒಳಗೆ ಸಾಗಿಸುವ ಕೈಗಳೇ ಸಾಲದೆ ಪೆಟ್ಟಿಗೆಗಳು ಮರಳಿನ ಮೇಲೆ ರಾಶಿ ಬಿದ್ದವು, ಬರುವ ದೋಣಿಗಳಿಗೆ ಜಾಗವಿಲ್ಲದಾಯಿತು. ಸಾಗಣೆ ಹಡಗುಗಳು ಅರ್ಧ ಸರಕು ಒಡಲಲ್ಲೇ ಇಟ್ಟುಕೊಂಡು ಹೊರಟುಹೋಗುವ ಪರಿಸ್ಥಿತಿ ಬಂತು. ಅಲ್ಲಿಂದಾಚೆಗೆ ಪ್ರತಿ ದಡಕ್ಕೂ ಸಾಮಾನು ಹೊರುವ ತಂಡ, ದೋಣಿಗಳಿಗೆ ದಾರಿ ತೋರುವ ನೌಕಾ ಅಧಿಕಾರಿ ಎರಡನ್ನೂ ಖಾಯಂ ಮಾಡಿದರು.

ಸಾಮಾನು ಎತ್ತುವ ರೀತಿಯೂ ನೋಡತಕ್ಕದ್ದು. ಎರಡು ಬೂಮ್, ಅಂದರೆ ಎರಡು ಉದ್ದನೆಯ ತೋಳು. ಒಂದನ್ನು ಹ್ಯಾಚ್ ಬಾಯಿಯ ಮೇಲೆ, ಇನ್ನೊಂದನ್ನು ಹಡಗಿನ ಪಕ್ಕೆಯಾಚೆ ಚಾಚಿ ಕಟ್ಟಿಬಿಡುತ್ತಾರೆ. ಎರಡರ ಉಕ್ಕಿನ ಹಗ್ಗಗಳೂ ಒಂದೇ ಕೊಕ್ಕೆಗೆ ಸೇರುತ್ತವೆ. ಮೊದಲ ಹಗ್ಗ ಮೂಟೆಯನ್ನು ಮೇಲೆತ್ತುತ್ತದೆ, ಎರಡನೆಯದು ನಿಧಾನಕ್ಕೆ ತನ್ನ ಕಡೆ ಎಳೆದುಕೊಳ್ಳುತ್ತದೆ, ಮೂಟೆ ಅಡ್ಡಡ್ಡ ಸರಿದು ದೋಣಿಯ ಮೇಲೆ ಇಳಿಯುತ್ತದೆ. ತೋಳುಗಳು ಅಲ್ಲಾಡುವುದಿಲ್ಲ, ಹಾಗಾಗಿ ವೇಗ ಹೆಚ್ಚು. ಆದರೆ ಮೂಟೆಯನ್ನು ತುಂಬ ಮೇಲಕ್ಕೆ ಎತ್ತಬಾರದು. ಇಬ್ಬರು ಹಿಡಿದ ಹಗ್ಗದ ನಡುವೆ ತುಂಬಿದ ಕೊಡ ತೂಗುಹಾಕಿ ಹಗ್ಗವನ್ನು ನೇರ ಮಾಡಲು ಎಳೆದರೆ ಕೈ ಕಿತ್ತು ಬರುವಂತಾಗುತ್ತದಲ್ಲ, ಅದೇ ಇಲ್ಲೂ. ಎರಡು ಹಗ್ಗಗಳ ನಡುವಿನ ಕೋನ 120 ಡಿಗ್ರಿ ಮುಟ್ಟಿದಾಗ ಒಂದೊಂದು ಹಗ್ಗದ ಮೇಲೂ ಮೂಟೆಯ ಪೂರ್ತಿ ತೂಕ ಬೀಳುತ್ತದೆ. ಅದನ್ನು ದಾಟಿದರೆ ತೂಕಕ್ಕಿಂತ ಹೆಚ್ಚು. ಹಗ್ಗ ಕಡಿಯುವುದು, ತೋಳು ಮುರಿಯುವುದು ಹೀಗೆಯೇ.

ಹಗ್ಗದ ಬಲೆ ಮತ್ತು ಹಲಗೆಯ ದೋಣಿ

ಮಿಸೌಲಾದಂಥ ಹಡಗಿನ ನಿಜವಾದ ಆಯುಧ ಅದರ ಫಿರಂಗಿಯಲ್ಲ, ದೋಣಿಗಳು. ಹ್ಯಾಸ್ಕೆಲ್ ವರ್ಗದ ಹಡಗು ಟ್ಯಾಂಕ್ ಹೊರಬಲ್ಲ 50 ಅಡಿಯ 2 ದೋಣಿಗಳನ್ನೂ ಸೈನಿಕರನ್ನು ಹೊರುವ 12 'ಎಲ್‌ಸಿವಿಪಿ'ಗಳನ್ನೂ ಹೊತ್ತಿರುತ್ತಿತ್ತು, ಇತರ ಸಣ್ಣ ದೋಣಿಗಳು ಬೇರೆ.

ಎಲ್‌ಸಿವಿಪಿ ನ್ಯೂ ಆರ್ಲಿಯನ್ಸ್‌ನ ಆ್ಯಂಡ್ರೂ ಹಿಗಿನ್ಸ್ ರೂಪಿಸಿದ ದೋಣಿ. 36 ಅಡಿ ಉದ್ದ, ಬಹುಪಾಲು ಪ್ಲೈವುಡ್. ಮುಂದೆ ಉಕ್ಕಿನ ಬಾಗಿಲು, ಅದು ಕೆಳಕ್ಕೆ ಬಿದ್ದರೆ ಇಳಿಯುವ ಹಾಸು. 36 ಸೈನಿಕರು ಇಲ್ಲವೇ ಒಂದು ಜೀಪು ಮತ್ತು 12 ಜನ. ಮುಂಭಾಗ ಎರಡು ಅಡಿ ಚಿಲ್ಲರೆ ನೀರಿದ್ದರೂ ತೇಲುತ್ತದೆ, ಹಿಂಭಾಗಕ್ಕೆ ಮೂರು ಅಡಿ ಬೇಕು. ಪ್ರೊಪೆಲ್ಲರ್ ನೆಲಕ್ಕೆ ತಾಗದಂತೆ ಅದನ್ನು ತಳದ ಸುರಂಗದಂಥ ತೋಡಿನಲ್ಲಿ ಇಟ್ಟಿರುತ್ತಾರೆ. ನಡೆಸುವವರು ನಾಲ್ಕು ಜನ.

ಸೈನಿಕ ಹಡಗಿನಿಂದ ದೋಣಿಗೆ ಇಳಿಯುವುದು ಹಡಗಿನ ಪಕ್ಕೆಗೆ ತೂಗಿಬಿಟ್ಟ ಹಗ್ಗದ ಬಲೆಯ ಮೇಲೆ. ಇದಕ್ಕೆ ಪಕ್ಕಾ ಕ್ರಮವಿತ್ತು. ಲಂಬ ಹಗ್ಗವನ್ನೇ ಕೈಯಲ್ಲಿ ಹಿಡಿಯಬೇಕು, ಅಡ್ಡ ಹಗ್ಗ ಹಿಡಿದರೆ ಮೇಲಿನಿಂದ ಇಳಿಯುವವನ ಬೂಟು ಬೆರಳ ಮೇಲೆ ಬೀಳುತ್ತದೆ. ಹೆಲ್ಮೆಟ್ಟಿನ ಗಲ್ಲಪಟ್ಟಿ ಬಿಚ್ಚಿರಬೇಕು, ಸೊಂಟದ ಪಟ್ಟಿ ಸಡಿಲವಿರಬೇಕು. ನೀರಿಗೆ ಬಿದ್ದರೆ ಮೂವತ್ತು ಕಿಲೋದ ಹೊರೆಯನ್ನು ಒಂದೇ ಎಳೆತಕ್ಕೆ ಕಳಚಿಕೊಳ್ಳಲು ಬರಬೇಕಲ್ಲ. ಕೆಳಗೆ ದೋಣಿ ಅಲೆಯ ಜೊತೆ ಏರಿ ಇಳಿಯುತ್ತಿರುತ್ತದೆ. ಅದು ಏರಿ ಮೇಲೆ ಬಂದ ಕ್ಷಣದಲ್ಲೇ ಕಾಲಿಡಬೇಕು. ಇಳಿಯುವಾಗ ಇಟ್ಟರೆ ಕಾಲಡಿಯ ದೋಣಿ ಆರೆಂಟು ಅಡಿ ಕೆಳಗೆ ಹೋಗಿರುತ್ತದೆ. ಬಲೆಯ ತುದಿಯನ್ನು ಕೆಲವರು ದೋಣಿಯೊಳಗೆ ಎಳೆದು ಹಿಡಿದಿರದಿದ್ದರೆ, ಜೋತುಬಿದ್ದವನು ದೋಣಿಗೂ ಹಡಗಿನ ಉಕ್ಕಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತಾನೆ. ಮೈ ಮುರಿದುಕೊಂಡವರಲ್ಲಿ ಎಷ್ಟೋ ಜನ ಶತ್ರುವಿನ ಗುಂಡನ್ನೇ ನೋಡಿರಲಿಲ್ಲ.

ತುಂಬಿದ ದೋಣಿಗಳು ಕೂಡಲೇ ದಡಕ್ಕೆ ಹೋಗುವುದಿಲ್ಲ. ಹಡಗಿನ ಪಕ್ಕ ಸುತ್ತು ಹಾಕುತ್ತ ಉಳಿದವು ಬರುವವರೆಗೆ ಕಾಯುತ್ತವೆ. ಡೀಸೆಲ್ ಹೊಗೆ, ಎರಚುವ ನೀರು, ವಾಂತಿ. ನಂತರ ಸಮುದ್ರದ ಮೇಲೆ ಗುರುತು ಮಾಡಿದ ಒಂದು ಕಾಲ್ಪನಿಕ ಗೆರೆಗೆ ಬಂದು ಸಾಲುಗಟ್ಟಿ, ಕೊಟ್ಟ ನಿಮಿಷಕ್ಕೆ ಸರಿಯಾಗಿ ಹೊರಡುತ್ತವೆ. ಹಿಂದಿನ ಸಾಲು ಮುಂದಿನದರ ಮೇಲೆ ಏರಿಹೋಗದಂತೆ ಇದು.

ದಡದಲ್ಲಿ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಮೊದಲನೆಯದು ನೀರಿನ ಆಳ. 1943ರ ನವೆಂಬರ್ 20ರಂದು ಪೆಸಿಫಿಕ್ ಸಾಗರದ ತರಾವಾ ದ್ವೀಪದಲ್ಲಿ ಸಮುದ್ರದ ಇಳಿತ ಎಣಿಸಿದ್ದಕ್ಕಿಂತ ಹೆಚ್ಚಿತ್ತು, ಹವಳದ ದಿಬ್ಬದ ಮೇಲೆ ಮೂರು ಅಡಿ ನೀರೂ ನಿಲ್ಲಲಿಲ್ಲ. ದೋಣಿಗಳು ದಿಬ್ಬದ ಅಂಚಿಗೇ ನಿಂತವು. ಸೈನಿಕರು ನೂರಾರು ಮೀಟರ್ ನೀರಿನಲ್ಲಿ ನಡೆದರು, ಎದುರಿಗೆ ಮಷಿನ್‌ಗನ್. ಎರಡನೆಯದು ನೊರೆ ಅಲೆ. ಮಲ್ಪೆ, ಗಂಗೊಳ್ಳಿ ಕಡೆಯ ಮೀನುಗಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಅಳಿವೆ ಬಾಗಿಲಲ್ಲಿ ದೋಣಿಯ ಹಿಂಭಾಗಕ್ಕೆ ಅಲೆ ಓರೆಯಾಗಿ ಬಡಿದರೆ ದೋಣಿ ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದ್ದು ಮಗುಚುತ್ತದೆ. ಎಲ್‌ಸಿವಿಪಿಯೂ ಅಷ್ಟೇ. ಜನ ಇಳಿಯುವವರೆಗೆ ಎಂಜಿನ್ ಮುಂದಕ್ಕೆ ಒತ್ತುತ್ತಲೇ ಇರಬೇಕು. ಬಾಗಿಲು ಮೇಲೆತ್ತಿದ ನಂತರವೇ ಹಿಂದಕ್ಕೆ ಸರಿಯಬೇಕು, ಅದೂ ನೇರವಾಗಿ.

ಐವೊ ಜಿಮಾ

ಮಿಸೌಲಾದ ಮೊದಲ ಕದನ 1945ರ ಫೆಬ್ರವರಿ 19ರಂದು, ಜಪಾನಿನ ಐವೊ ಜಿಮಾ ದ್ವೀಪದಲ್ಲಿ. ಸೇವೆಗೆ ಸೇರಿ ನಾಲ್ಕು ತಿಂಗಳೂ ಆಗಿರಲಿಲ್ಲ. ಅದು ಹೊತ್ತು ತಂದದ್ದು ಐದನೇ ಮರೀನ್ ಡಿವಿಷನ್ನಿನ 28ನೇ ರೆಜಿಮೆಂಟಿನವರನ್ನು. ದಾಳಿಯ ಮೊದಲ ಸಾಲುಗಳಲ್ಲಿ ಇಳಿಯುವವರನ್ನು ಸೈಪಾನ್‌ನಲ್ಲಿ ಎಲ್‌ಎಸ್‌ಟಿಗಳಿಗೆ ವರ್ಗಾಯಿಸಿದ್ದರು. ನೆಲ–ನೀರು ಎರಡರಲ್ಲೂ ಓಡುವ ಚೈನಿನ ವಾಹನಗಳು ಅವುಗಳಲ್ಲಿದ್ದವು, ತರಾವಾದ ಪಾಠ. ಎಪಿಎಗಳ ದೋಣಿಗಳು ಅವುಗಳ ಹಿಂದೆ ಬಂದವು.

ಇಲ್ಲಿ ಹವಳವಿರಲಿಲ್ಲ, ಇದ್ದದ್ದು ಜ್ವಾಲಾಮುಖಿಯ ಕಪ್ಪು ಮರಳು. ರಾಗಿಯ ರಾಶಿ ಹತ್ತಿದಂತೆ, ಕಾಲಿಟ್ಟರೆ ಕಣಕಾಲವರೆಗೆ ಹೂತು ಹಿಂದಕ್ಕೆ ಜಾರುತ್ತದೆ. ಜೀಪುಗಳ ಚಕ್ರ ಅಲ್ಲೇ ತಿರುಗಿ ಕೂತವು. ದಡ ಕಡಿದಾಗಿದ್ದರಿಂದ ಅಲೆಗಳು ದೂರದಲ್ಲಿ ಒಡೆದು ಬಲ ಕಳೆದುಕೊಳ್ಳದೆ ನೇರ ದಡದ ಮೇಲೇ ಒಡೆಯುತ್ತಿದ್ದವು. ಬಾಗಿಲು ತೆರೆದು ನಿಂತ ಎಲ್‌ಸಿವಿಪಿಗಳೊಳಗೆ ನೀರು ನುಗ್ಗಿತು, ಅಡ್ಡ ತಿರುಗಿದವು, ಒಂದರ ಮೇಲೊಂದು ಬಿದ್ದವು. ಮೊದಲ ದಿನ ಸಂಜೆಯ ಹೊತ್ತಿಗೆ ಒಡೆದ ದೋಣಿಗಳೇ ಮುಂದಿನ ದೋಣಿಗಳಿಗೆ ಅಡ್ಡಿಯಾದವು.

ಸೈನಿಕರು ಇಳಿದ ಮೇಲೆ ಹಡಗಿನ ಎರಡನೇ ಕೆಲಸ. ಖಾಲಿಯಾದ ಹಾಸಿಗೆಗಳು ಆಸ್ಪತ್ರೆಯ ಮಂಚಗಳಾಗುತ್ತವೆ. ಗುಂಡು ಒಯ್ದ ದೋಣಿ ಮರಳುವಾಗ ಗಾಯಾಳುಗಳನ್ನು ತರುತ್ತದೆ, ಸ್ಟ್ರೆಚರ್ ಸಮೇತ ಹಗ್ಗ ಕಟ್ಟಿ ಮೇಲೆತ್ತುತ್ತಾರೆ. ಐವೊ ಜಿಮಾದಲ್ಲಿ ಸತ್ತ, ಗಾಯಗೊಂಡ ಅಮೆರಿಕನ್ನರು 26 ಸಾವಿರಕ್ಕೂ ಹೆಚ್ಚು, ಸತ್ತವರೇ ಸುಮಾರು 6,800. ದ್ವೀಪ ಕಾಯುತ್ತಿದ್ದ ಜಪಾನಿಯರಲ್ಲಿ ಬಹುತೇಕ ಎಲ್ಲರೂ ಸತ್ತರು.

ಈ ದ್ವೀಪದ ಸುರಿಬಾಚಿ ಬೆಟ್ಟದ ಮೇಲೆ ಆರು ಜನ ಧ್ವಜ ನೆಡುವ ಛಾಯಾಚಿತ್ರ ಜಗತ್ತಿಗೆಲ್ಲ ಗೊತ್ತು. ಅದು ಫೆಬ್ರವರಿ 23ರಂದು ಏರಿದ ಎರಡನೇ ಧ್ವಜ, ಒಂದು ಎಲ್‌ಎಸ್‌ಟಿಯಿಂದ ಬಂದದ್ದು. ಅದಕ್ಕೂ ಮೊದಲು, ಅದೇ ಬೆಳಿಗ್ಗೆ, ಅಲ್ಲಿ ಇನ್ನೊಂದು ಸಣ್ಣ ಧ್ವಜ ಏರಿತ್ತು. 54 ಅಂಗುಲ ಉದ್ದ, 28 ಅಂಗುಲ ಅಗಲ. ಅದು ಮಿಸೌಲಾದ್ದು, ಬೆಟಾಲಿಯನ್ನಿನ ಅಧಿಕಾರಿಯೊಬ್ಬರು ಹಡಗಿನಿಂದ ತೆಗೆದುಕೊಂಡು ಹೋಗಿದ್ದದ್ದು. ಕೆಳಗಿನ ದಡದಿಂದ ಸರಿಯಾಗಿ ಕಾಣದಷ್ಟು ಚಿಕ್ಕದು ಎಂದು ಬದಲಿಸಿದರು. ಎರಡೂ ಧ್ವಜಗಳನ್ನು ಮರೀನ್ ಪಡೆ ಇಂದಿಗೂ ಕಾಪಾಡಿಕೊಂಡಿದೆ.

ಹಡಗಿಗೇ ಏಟು ಬಿದ್ದರೆ

ಒಂದೇ ಪ್ರೊಪೆಲ್ಲರ್, ಒಂದೇ ಎಂಜಿನ್ ಕೋಣೆ ಎಂಬುದು ಬೇಗ ಕಟ್ಟಲು ಅನುಕೂಲ. ಏಟು ತಿಂದಾಗ ಅದೇ ಶಾಪ. 1945ರ ಏಪ್ರಿಲ್ 1ರಂದು ಜಪಾನಿನ ಒಕಿನಾವಾ ದ್ವೀಪದ ಬಳಿ ಮಿಸೌಲಾದ ವರ್ಗದ್ದೇ ಆದ 'ಹಿನ್ಸ್‌ಡೇಲ್' ಹಡಗಿನ ಪಕ್ಕೆಗೆ, ನೀರಿನ ಮಟ್ಟಕ್ಕೆ ಹತ್ತಿರ, ಆತ್ಮಾಹುತಿ ವಿಮಾನ ಬಡಿಯಿತು. ಎಂಜಿನ್ ಕೋಣೆ ಹೋಯಿತು, ಅದರೊಂದಿಗೆ ವಿದ್ಯುತ್ ಹೋಯಿತು. ವಿದ್ಯುತ್ ಇಲ್ಲದ ಹಡಗಿನಲ್ಲಿ ಪಂಪು ಓಡುವುದಿಲ್ಲ, ಒಳಗೆ ದೀಪವಿಲ್ಲ. ಎಳೆದೊಯ್ದು ಉಳಿಸಿದರು.

ಜನ ತುಂಬಿದ ಹಡಗು ಮುಳುಗಿದರೆ ಏನಾಗುತ್ತದೆ ಎಂಬುದಕ್ಕೆ 'ರೋಹ್ನಾ' ಉದಾಹರಣೆ. ಅದು ರಜೂಲಾದ ಜೋಡಿ ಹಡಗು, ಸಿಬ್ಬಂದಿಯಲ್ಲಿ ಹೆಚ್ಚಿನವರು ಭಾರತೀಯರು. 1943ರ ನವೆಂಬರ್ 26ರಂದು ಅಲ್ಜೀರಿಯಾದ ಕರಾವಳಿಯಾಚೆ ಜರ್ಮನ್ನರ ರೇಡಿಯೊ ನಿಯಂತ್ರಿತ ಬಾಂಬು ಬಡಿಯಿತು. ಸತ್ತವರು 1,138, ಅದರಲ್ಲಿ ಅಮೆರಿಕದ ಸೈನಿಕರೇ 1,015. ಕೆಲವು ಜೀವರಕ್ಷಕ ದೋಣಿಗಳು ಸ್ಫೋಟಕ್ಕೆ ನಾಶವಾದವು, ಹಲವನ್ನು ಇಳಿಸಲಾಗಲಿಲ್ಲ. ಇನ್ನೊಂದು ತಪ್ಪು ಸೊಂಟದಲ್ಲಿತ್ತು. ಗಾಳಿ ತುಂಬುವ ತೇಲುಪಟ್ಟಿಯನ್ನು ಕಂಕುಳ ಕೆಳಗೆ, ಎದೆಗೆ ಕಟ್ಟಬೇಕು. ಸೊಂಟಕ್ಕೆ ಕಟ್ಟಿದರೆ ಮೈಯ ಮೇಲ್ಭಾಗ ಭಾರವಾಗಿ ದೇಹ ತಲೆಕೆಳಗಾಗುತ್ತದೆ, ತೇಲುವುದು ಕಾಲು. 1944ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ತಾಲೀಮಿನ ವೇಳೆ ಎಲ್‌ಎಸ್‌ಟಿಗಳು ಮುಳುಗಿದಾಗಲೂ ಹಲವರು ಹೀಗೆಯೇ ಸತ್ತರು. ಕಟ್ಟುವುದು ಹೇಗೆಂದು ಹತ್ತು ನಿಮಿಷ ಹೇಳಿಕೊಡದೆ ಹೋದದ್ದಕ್ಕೆ ಇಷ್ಟು ಜೀವ.

ಊರಿಗೆ ಮರಳುವ ದಾರಿ

ಯುದ್ಧ ನಿಂತದ್ದು 1945ರ ಆಗಸ್ಟ್‌ನಲ್ಲಿ. ಸೆಪ್ಟೆಂಬರ್‌ನಿಂದ ಒಂದು ವರ್ಷ ಕಾಲ ಅಮೆರಿಕ ತನ್ನ 80 ಲಕ್ಷಕ್ಕೂ ಹೆಚ್ಚು ಜನರನ್ನು ಹೊರದೇಶಗಳಿಂದ ಮನೆಗೆ ಕರೆತಂದಿತು. 'ಮ್ಯಾಜಿಕ್ ಕಾರ್ಪೆಟ್' ಎಂದು ಅದರ ಹೆಸರು. ವಿಮಾನವಾಹಕ ಹಡಗುಗಳ ಹ್ಯಾಂಗರ್‌ಗಳಲ್ಲೂ ಮಂಚ ಹಾಕಿದರು. ಎಪಿಎಗಳಿಗೆ ಏನೂ ಬದಲಿಸಬೇಕಿರಲಿಲ್ಲ, ಅದೇ ಹಾಸಿಗೆ, ಅದೇ ಅಡುಗೆಮನೆ. ಜನ ಹತ್ತಿದ್ದು ಮಾತ್ರ ಬಲೆಯಿಂದಲ್ಲ, ಏಣಿಯಿಂದ. ಮಿಸೌಲಾ 1946ರಲ್ಲಿ ಸೇವೆಯಿಂದ ಬಿಡುಗಡೆಯಾಯಿತು. ಎರಡು ವರ್ಷವೂ ತುಂಬಿರಲಿಲ್ಲ.

ಮೂವತ್ತು ವರ್ಷದ ನಿದ್ದೆ

ಈ ಹಡಗುಗಳ ಆಯುಷ್ಯದ ಹೆಚ್ಚಿನ ಭಾಗ ಕಳೆದದ್ದು ಓಡಾಟದಲ್ಲಲ್ಲ, ಮೀಸಲು ದಂಡಿನಲ್ಲಿ ಕಟ್ಟಿಹಾಕಿಕೊಂಡು. ಮತ್ತೊಂದು ಯುದ್ಧ ಬಂದರೆ ಎಬ್ಬಿಸಬೇಕೆಂದು ಅಮೆರಿಕ ನೂರಾರು ಹಡಗುಗಳನ್ನು ಒತ್ತೊತ್ತಾಗಿ ಸಾಲುಗಟ್ಟಿ ನಿಲ್ಲಿಸಿತು.

ಹಡಗನ್ನು ಮಲಗಿಸುವುದಕ್ಕೂ ವಿಧಾನವಿದೆ. ಬಾಯ್ಲರ್ ಖಾಲಿ ಮಾಡಿ ಒಣಗಿಸುತ್ತಾರೆ. ಯಂತ್ರಗಳ ಹೊಳೆಯುವ ಲೋಹಕ್ಕೆಲ್ಲ ದಪ್ಪ ಗ್ರೀಸಿನಂಥ ರಕ್ಷಕ ಲೇಪ. ಮೇಲಿನ ಫಿರಂಗಿಗಳಿಗೆ ಪ್ಲಾಸ್ಟಿಕ್ ಚಿಪ್ಪು. ಬಾಗಿಲುಗಳನ್ನೆಲ್ಲ ಮುಚ್ಚಿ, ಒಳಗಿನ ಗಾಳಿಯ ತೇವಾಂಶವನ್ನು ಯಂತ್ರದಿಂದ ಹೀರಿ ಶೇ. 40ಕ್ಕಿಂತ ಕೆಳಗೆ ಇಡುತ್ತಾರೆ. ಅಷ್ಟು ಒಣ ಗಾಳಿಯಲ್ಲಿ ಉಕ್ಕು ಹೆಚ್ಚುಕಡಿಮೆ ತುಕ್ಕು ಹಿಡಿಯುವುದಿಲ್ಲ. ಮಂಗಳೂರಿನ ಮಳೆಗಾಲದಲ್ಲಿ ಈ ಪ್ರಮಾಣ ಶೇ. 90ರ ಆಸುಪಾಸು ಇರುತ್ತದೆ ಎಂದರೆ ವ್ಯತ್ಯಾಸ ತಿಳಿದೀತು. ನೀರಿನೊಳಗಿನ ಮೈಗೆ ಸಣ್ಣ ವಿದ್ಯುತ್ ಹರಿಸಿ ತುಕ್ಕನ್ನು ಬೇರೆ ಲೋಹದ ತುಂಡಿನ ಕಡೆಗೆ ತಿರುಗಿಸುತ್ತಾರೆ.

ಕೊರಿಯಾ ಯುದ್ಧಕ್ಕೆ ಕೆಲವನ್ನು ಎಬ್ಬಿಸಿದರು. 'ಷೆರ್‌ಬರ್ನ್' ಎಂಬ ಹ್ಯಾಸ್ಕೆಲ್ ಹಡಗು ಮುಂದೆ ಕ್ಷಿಪಣಿ ಪರೀಕ್ಷೆಗಳ ಜಾಡು ಹಿಡಿಯುವ ಹಡಗಾಗಿ ಮಾರ್ಪಟ್ಟು 1997ರವರೆಗೆ ದುಡಿಯಿತು. ಮಿಸೌಲಾಕ್ಕೆ ಆ ಕರೆ ಬರಲಿಲ್ಲ. 1958ರಲ್ಲಿ ನೌಕಾಪಟ್ಟಿಯಿಂದ ಹೆಸರು ತೆಗೆದರು, 1970ರ ದಶಕದಲ್ಲಿ ಗುಜರಿಗೆ ಮಾರಿದರು.

ಅಷ್ಟರೊಳಗೆ ವಿದ್ಯೆಯೇ ಬದಲಾಗಿತ್ತು. ಹೆಲಿಕಾಪ್ಟರ್ ಬಂದಿತ್ತು. ಹಿಂಭಾಗದ ಬಾಗಿಲು ತೆರೆದು, ಒಡಲೊಳಗೇ ನೀರು ತುಂಬಿಸಿಕೊಂಡು, ಸೈನಿಕರು ಮತ್ತು ಟ್ಯಾಂಕು ಮೊದಲೇ ತುಂಬಿದ ದೋಣಿಗಳನ್ನು ತೇಲಿಸಿ ಹೊರಗೆ ಬಿಡುವ ಹಡಗುಗಳು ಬಂದಿದ್ದವು. ಜಲಾಶ್ವ ಅಂಥದ್ದು. ಹಗ್ಗದ ಬಲೆಯ ಕಾಲ ಮುಗಿಯಿತು.

ಹ್ಯಾಸ್ಕೆಲ್ ವರ್ಗದಲ್ಲಿ ಕಟ್ಟಿದ ರೂಪದಲ್ಲೇ ಉಳಿದಿದ್ದ ಕೊನೆಯದು 'ಗೇಜ್'. ವರ್ಜೀನಿಯಾದ ಜೇಮ್ಸ್ ನದಿಯಲ್ಲಿ ದಶಕಗಳ ಕಾಲ ನಿಂತಿತ್ತು. 2009ರಲ್ಲಿ ಅದನ್ನು ಟೆಕ್ಸಾಸ್‌ನ ಬ್ರೌನ್ಸ್‌ವಿಲ್‌ಗೆ ಎಳೆದೊಯ್ದು ಒಡೆದರು. ಆ ಕಾಲದ ಹಡಗು ಒಡೆಯುವುದು ಎಂದರೆ ಮೊದಲು ಕೊಳವೆಗಳಿಗೆ ಸುತ್ತಿದ ಆಸ್‌ಬೆಸ್ಟಾಸ್ ಬಿಚ್ಚಬೇಕು, ಕೇಬಲ್ಲುಗಳಲ್ಲಿರುವ ವಿಷಕಾರಿ ಪಿಸಿಬಿ, ಸೀಸದ ಬಣ್ಣ, ಟ್ಯಾಂಕಿನ ತಳದ ಹಳೆ ಎಣ್ಣೆ ತೆಗೆಯಬೇಕು. ಆಮೇಲೆ ಗ್ಯಾಸ್ ಕಟರ್. ಮೇಲಿನ ಕೋಣೆಗಳಿಂದ ಶುರು ಮಾಡಿ ಒಂದೊಂದೇ ಅಂತಸ್ತು ಇಳಿಯುತ್ತಾರೆ. ಮೇಲಿನ ಭಾರ ಕಡಿಮೆಯಾದಂತೆ ಉಳಿದ ಹಡಗು ನೀರಿನಿಂದ ಏರುತ್ತ ಬರುತ್ತದೆ, ಕಡೆಗೆ ಬರಿ ತಳವನ್ನು ದಡಕ್ಕೆ ಎಳೆದು ತುಂಡರಿಸಿ ಕುಲುಮೆಗೆ ಕಳಿಸುತ್ತಾರೆ.